ಎದೆ ತುಂಬಿದ ಅಳತೆ

ಪ್ರತಿ ಮಧ್ಯಾಹ್ನ ಒಂದೂವರೆಗೆ ಆ ಕಟ್ಟಡದ ಮೆಟ್ಟಿಲುಗಳಿಂದ ಯಾರೋ ಸೈಕಲ್ ಚಕ್ರಕ್ಕೆ ಗಾಳಿ ಹೊಡೆಯುತ್ತಿರುವ ಸದ್ದು ಕೇಳಿಬರುತ್ತಿತ್ತು. ಉಸ್ಸ್, ಪುಸ್ಸ್. ಉಸ್ಸ್, ಪುಸ್ಸ್. ಮೊದಲ ಮಹಡಿಯಲ್ಲಿ ತುಸು ಹೊತ್ತು ನಿಲ್ಲುತ್ತಿತ್ತು, ಎರಡನೆಯದರಲ್ಲಿ ಇನ್ನಷ್ಟು ಹೊತ್ತು. ಹೊಸದಾಗಿ ಬಾಡಿಗೆಗೆ ಬಂದ ಅಜ್ಜ ಒಬ್ಬರು ತಮ್ಮ ಸೈಕಲ್ಲನ್ನು ಬಾಗಿಲಿಗೆ ತಂದು ನಿಲ್ಲಿಸಿ, "ಇದಕ್ಕೂ ಎರಡು ಹೊಡೆದುಬಿಡಪ್ಪ" ಎಂದು ಕೂಗಿದ್ದೂ ಉಂಟು. ಆದರೆ ಅಲ್ಲಿ ಪಂಪೂ ಇರಲಿಲ್ಲ, ಪಂಪಿನವನೂ ಇರಲಿಲ್ಲ. ನೆಲಮಹಡಿಯ ಅಂಗಡಿಯಿಂದ ಮೂರನೆಯ ಮಹಡಿಯ ಮನೆಗೆ ಊಟಕ್ಕೆ ಬರುತ್ತಿದ್ದ ದರ್ಜಿ ಇದ್ದ.

ದರ್ಜಿಗೆ ಇನ್ನೂ ಐವತ್ತು ತುಂಬಿರಲಿಲ್ಲ, ಮೈಯಲ್ಲಿ ಬೊಜ್ಜೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದವನು. ಅವನು ಹೊಲಿದ ಒಂದು ಬಟ್ಟೆಯೂ ಸರಿಯಾಗಿಲ್ಲವೆಂದು ವಾಪಸು ಬಂದದ್ದಿಲ್ಲ. (ಒಂದೇ ಒಂದು ಪ್ಯಾಂಟು ಬಂದಿತ್ತು. ಪ್ಯಾಂಟು ಸರಿಯಾಗಿಯೇ ಇತ್ತು, ಮದುವೆಯಾದ ಮೇಲೆ ಗಿರಾಕಿ ಸರಿಯಾಗಿ ಉಳಿಯಲಿಲ್ಲ ಎಂಬುದು ದರ್ಜಿಯ ವಾದ.)

ಅವನ ಹೆಂಡತಿ ಒಂದು ದಿನ ಅನ್ನದ ತಟ್ಟೆಯನ್ನು ಮುಂದಿಡುವ ಬದಲು ಚಪ್ಪಲಿ ಮೆಟ್ಟಿಕೊಂಡು ನಿಂತಳು.

"ಏಳಿ, ಡಾಕ್ಟರ ಹತ್ರ ಹೋಗೋಣ."

"ಊಟ?"

"ನುಂಗೋಕೂ ಉಸಿರು ಬೇಕಲ್ರೀ. ಮೊದಲು ಅದನ್ನ ತರೋಣ."

ಡಾಕ್ಟರು ಎದೆಗೆ ಕೊಳವೆ ಹಚ್ಚಿ ಕೇಳಿದರು, ಬೆನ್ನಿಗೆ ಹಚ್ಚಿ ಕೇಳಿದರು, ಚಿತ್ರ ತೆಗೆಸಿ ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟು ಊದಲು ಹೇಳಿದರು. ಅದರೊಳಗಿನ ಕೆಂಪು ಮುಳ್ಳು ಅರ್ಧ ದಾರಿಗೂ ಏರದೆ ಕೂತುಬಿಟ್ಟಿತು.

"ಶ್ವಾಸಕೋಶಕ್ಕೆ ಏನೂ ಆಗಿಲ್ಲ ಟೈಲರೇ. ನೀವು ಅದಕ್ಕೆ ಕೆಲಸ ಕೊಟ್ಟಿಲ್ಲ, ಅಷ್ಟೆ."

"ಇವರು ಕತ್ತರಿ ಹಿಡಿದ್ರೆ ಉಸಿರೂ ಹಿಡೀತಾರೆ ಡಾಕ್ಟ್ರೇ," ಹೆಂಡತಿ ಸಾಕ್ಷಿ ನುಡಿದಳು. "ಬಟ್ಟೆಯ ಈ ತುದಿಯಿಂದ ಆ ತುದಿ ಮುಟ್ಟೋ ತನಕ ಬಿಡೋದೇ ಇಲ್ಲ. ಮುಖ ಬದನೇಕಾಯಿ ಆಗಿರುತ್ತೆ."

"ಉಸಿರಾಡಿದ್ರೆ ಗೆರೆ ಅಲ್ಲಾಡುತ್ತೆ ಸಾರ್," ದರ್ಜಿ ಗೊಣಗಿದ.

"ದಿನಕ್ಕೆ ಎಷ್ಟು ಸಲ ಹೀಗೆ?"

ದರ್ಜಿ ಲೆಕ್ಕ ಹಾಕಿದ. ಅರವತ್ತು ಸಲ, ಸಲಕ್ಕೆ ಅರ್ಧ ನಿಮಿಷ.

"ಅಂದ್ರೆ ದಿನಾ ಅರ್ಧ ಗಂಟೆ ಮುಳುಗಿರ್ತೀರಿ," ಎಂದರು ಡಾಕ್ಟರು. "ನೀರು ಮಾತ್ರ ಇಲ್ಲ."

ಅವರು ಹೇಳಿದ್ದು ಕಷ್ಟದ್ದೇನೂ ಆಗಿರಲಿಲ್ಲ. ಕಿಟಕಿ ತೆರೆದಿಡುವುದು. ನೂಲಿನ ಧೂಳು ಹೋಗದಂತೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು. ಬೆನ್ನು ನೆಟ್ಟಗಿಡುವುದು. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಒಳಗೆ, ಹೊಟ್ಟೆ ಮೇಲೇಳುವಂತೆ. ಆರು ಎಣಿಸುವಷ್ಟು ಹೊತ್ತು ತುಟಿಯಿಂದ ಹೊರಗೆ, ಎದುರಿಗಿನ ದೀಪ ಬಳುಕಬೇಕು, ಆರಬಾರದು ಎನ್ನುವಂತೆ. ಕತ್ತರಿಸುವುದಾದರೆ ಉಸಿರು ಬಿಡುತ್ತಾ ಕತ್ತರಿಸುವುದು.

"ಮೂರು ವಾರ ನೋಡೋಣ. ಮುಳ್ಳು ಮೇಲೆ ಹೋಗಲಿಲ್ಲ ಅಂದ್ರೆ ಕತ್ತರಿ ಬೇರೆಯವರ ಕೈಗೆ ಕೊಟ್ಟುಬಿಡಿ."

ಬೇರೆಯವರು ಎಂದರೆ ಯಾರೆಂದು ಮೂವರಲ್ಲಿ ಇಬ್ಬರಿಗೆ ಗೊತ್ತಿತ್ತು. ಹೆಂಡತಿಯ ತಮ್ಮ. ನಾಲ್ಕು ವರ್ಷದಿಂದ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಿದ್ದ, ಮೀಸೆ ಹೊತ್ತ, ಮಕ್ಕಳೊಂದಿಗನಾದ ಭಾಮೈದ. ಗುಂಡಿ ಹಚ್ಚುವಾಗ ಅವನ ಕಣ್ಣು ಸೂಜಿಯ ಮೇಲಿರುತ್ತಿರಲಿಲ್ಲ, ಕತ್ತರಿಯ ಮೇಲಿರುತ್ತಿತ್ತು. "ಭಾವ, ಸುಸ್ತಾದ ಹಾಗಿದೆ. ನಾನು ಕತ್ತರಿಸ್ಲಾ?" ಎಂದು ದಿನಕ್ಕೊಮ್ಮೆ ಬಹಳ ಮೃದುವಾಗಿ ಕೇಳುತ್ತಿದ್ದ. ಆ ಮೃದುತ್ವವೇ ದರ್ಜಿಗೆ ಸಹಿಸಲಾಗುತ್ತಿರಲಿಲ್ಲ.

ಹಾಗೆ ಪ್ರಾಣಾಪಾಯಕ್ಕಲ್ಲದಿದ್ದರೂ ಕತ್ತರಿಯ ಅಪಾಯಕ್ಕೆ ಹೆದರಿ ದರ್ಜಿ ಉಸಿರಾಡಲು ಕಲಿತ.

ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನ ಕತ್ತರಿಸುವ ಮೇಜಿನ ಮೇಲೆ ಅಂಗಾತ ಮಲಗುತ್ತಿದ್ದ. ಹೊಟ್ಟೆಯ ಮೇಲೆ ಏನಾದರೂ ಭಾರ ಇಟ್ಟು ಎತ್ತಬೇಕೆಂದು ಎಲ್ಲೋ ಕೇಳಿ ಬಂದ ಹೆಂಡತಿ, ತಣ್ಣಗಿದ್ದ ಇಸ್ತ್ರಿಪೆಟ್ಟಿಗೆಯನ್ನೇ ಪ್ರತಿಷ್ಠಾಪಿಸಿ ಎಣಿಸುತ್ತಿದ್ದಳು.

"ಒಳಗೆ. ಒಂದು, ಎರಡು, ಮೂರು... ಅಯ್ಯೋ, ಮೇಲೆ ಒಲೆ ಆರಿಸಿದ್ನಾ?"

ಅವಳು ಮೂರು ಮಹಡಿ ಹತ್ತಿ, ಒಲೆ ಆರಿಸಿ, ಪಕ್ಕದ ಮನೆಯವಳಿಗೆ ಎರಡು ಮಾತು ಹೇಳಿ ಬರುವವರೆಗೆ ದರ್ಜಿ 'ಮೂರ'ರಲ್ಲೇ ಉಬ್ಬಿಕೊಂಡು ಬಿದ್ದಿರುತ್ತಿದ್ದ. ಬೇಗ ಬಂದ ಗಿರಾಕಿಯೊಬ್ಬಳು ಒಮ್ಮೆ ಆ ದೃಶ್ಯ ನೋಡಿ, ಮೈಮೇಲಿನ ಅಂಗಿಯನ್ನು ಬಿಚ್ಚದೆಯೇ ಇಸ್ತ್ರಿ ಮಾಡುತ್ತಾರೆಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಆದರೂ ಗುಣ ಕಂಡಿತು. ಎರಡನೆಯ ವಾರದ ಒಂದು ಬೆಳಿಗ್ಗೆ ಉಸಿರು ಬಿಡುತ್ತಾ ನೀಲಿ ಬಟ್ಟೆಯೊಂದನ್ನು ಕತ್ತರಿಸಿದಾಗ, ಕತ್ತರಿ ತನ್ನಷ್ಟಕ್ಕೆ ತೇಲಿಕೊಂಡು ಹೋದಂತಾಯಿತು. ಗೆರೆ ಅಲ್ಲಾಡಲಿಲ್ಲ. ತೆರೆದ ಕಿಟಕಿಯಿಂದ ಬಂದ ಗಾಳಿ ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ಮೆಲ್ಲಗೆ ಆಡಿಸಿತು. ಇಷ್ಟು ವರ್ಷ ಈ ಗಾಳಿ ಎಲ್ಲಿತ್ತು ಎಂದುಕೊಂಡು ದರ್ಜಿ ಇನ್ನೊಂದು ಬಟ್ಟೆ ಹಾಸಿದ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಹೊಸ ವಿದ್ಯೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅದೇ ವಾರ ಊರಿನ ಬ್ಯಾಂಡಿನವರು ಹದಿನೆಂಟು ಕೋಟುಗಳಿಗೆ ಅಳತೆ ಕೊಡಲು ಬಂದರು. ಉದ್ಯಾನದಲ್ಲಿ ಮುಂದಿನ ವಾರದ ಭಾನುವಾರ ಸಂಜೆ ಅವರ ಸಂಗೀತ ಕಚೇರಿ. ದರ್ಜಿಗೆ ಅವರು ಹದಿನೆಂಟು ಗಿರಾಕಿಗಳಾಗಿ ಕಾಣಲಿಲ್ಲ, ಅಜ್ಞಾನದಲ್ಲಿ ಮುಳುಗಿದ ಹದಿನೆಂಟು ಎದೆಗೂಡುಗಳಾಗಿ ಕಂಡರು.

"ಗೂನು ಬೇಡ, ನೆಟ್ಟಗೆ ನಿಲ್ಲಿ. ಮೂಗಿನಲ್ಲಿ ಎಳ್ಕೊಳ್ಳಿ. ಇನ್ನೂ... ಇನ್ನೂ... ಪಕ್ಕೆಲುಬು ಅರಳಲಿ! ಹಾಂ, ಅಲ್ಲೇ ಇರಿ." ಟೇಪು ಸುತ್ತಿದ. "ಬರ್ಕೋ. ಎದೆ ನಲವತ್ತೆರಡು."

ಪುಸ್ತಕ ಹಿಡಿದಿದ್ದ ಭಾಮೈದ ತಲೆ ಎತ್ತಿದ. "ಭಾವ, ಇವರು ಮೂವತ್ತೆಂಟರ ಹಾಗಿದ್ದಾರಲ್ಲ?"

"ಮನುಷ್ಯ ಸರಿಯಾಗಿ ಉಸಿರಾಡಿದ್ರೆ ಎಷ್ಟು ದೊಡ್ಡವನು ಅನ್ನೋದು ನಿನಗೆ ಅರ್ಥ ಆಗಲ್ಲ. ಬರ್ಕೋ ಅಂದೆ."

ಭಾಮೈದ ಬರೆದುಕೊಂಡ. ನಾಲ್ಕು ವರ್ಷ ಗುಂಡಿ ಹಚ್ಚಿದವನಿಗೆ ಬಾಯಿಗೂ ಒಂದು ಗುಂಡಿ ಇರಬೇಕೆಂದು ಗೊತ್ತಿತ್ತು.

ಮೂರು ವಾರ ತುಂಬಿದ ಭಾನುವಾರ ಬೆಳಿಗ್ಗೆ ದರ್ಜಿ ಡಾಕ್ಟರ ಕೊಳವೆಯನ್ನು ಊದಿದ. ಕೆಂಪು ಮುಳ್ಳು ಸರ್ರನೆ ಮೇಲೇರಿ ತುದಿಗೆ ಟಕ್ಕೆಂದು ಬಡಿಯಿತು. "ಭೇಷ್! ಕತ್ತರಿ ನಿಮ್ಮದೇ" ಎಂದು ಡಾಕ್ಟರು ಕೈ ಕುಲುಕಿದರು. ದರ್ಜಿ ದಾರಿಯುದ್ದಕ್ಕೂ ಗೆದ್ದ ಸೇನಾಪತಿಯಂತೆ ನಡೆದು ಬಂದು, ಅಂಗಡಿಯ ಕತ್ತರಿಯನ್ನು ಎತ್ತಿ, ಭಾಮೈದನ ಮೂಗಿನ ಮುಂದೆ ಗಾಳಿಯಲ್ಲಿ ಎರಡು ಸಲ ಕಚಕಚ ಎನಿಸಿದ.

ಆಗಲೇ ಬ್ಯಾಂಡಿನವರು ಕೋಟು ಹಾಕಿ ನೋಡಲು ಬಂದರು.

ಹದಿನೆಂಟು ಕೋಟುಗಳು ಹದಿನೆಂಟು ಜನರ ಮೇಲೆ ದಿಂಬಿನ ಚೀಲಗಳಂತೆ ಜೋತುಬಿದ್ದವು. ಬ್ಯಾಂಡಿನ ಮುಖ್ಯಸ್ಥ ತನ್ನ ಕೋಟಿನೊಳಗೆ ಒಂದು ಸುತ್ತು ತಿರುಗಿದ. ಕೋಟು ತಿರುಗಲಿಲ್ಲ.

"ಟೈಲರೇ, ಇದೇನು?" ಅವನು ಗಡಿಯಾರ ನೋಡಿದ. "ಸಂಜೆ ಐದಕ್ಕೆ ಕಚೇರಿ ಇದೆ!"

ದರ್ಜಿಯ ಇಪ್ಪತ್ತೆರಡು ವರ್ಷಗಳು ಕಣ್ಣ ಮುಂದೆ ಹೊಲಿಗೆ ಬಿಚ್ಚಿಕೊಂಡವು. ಅಭ್ಯಾಸಬಲ, ಉಸಿರು ಹಿಡಿದ.

"ಬಿಡ್ರೀ ಉಸಿರು!" ಒಳಗಿನಿಂದ ಬಂದ ಹೆಂಡತಿ ಬೆನ್ನಿಗೊಂದು ಬಾರಿಸಿದಳು. "ಅಳತೆ ತಗೊಳ್ಳೋವಾಗ ಇವರಿಗೆ ಏನು ಮಾಡೋಕೆ ಹೇಳಿದ್ರಿ?"

"ದೀರ್ಘವಾಗಿ ಎಳ್ಕೊಳ್ಳಿ ಅಂದೆ... ಅವರ ಆರೋಗ್ಯಕ್ಕೆ ಅಂತ."

ಹೆಂಡತಿ ಹಣೆ ಒತ್ತಿಕೊಂಡಳು. ಆಮೇಲೆ ಮುಖ್ಯಸ್ಥನ ಕಡೆ ತಿರುಗಿದಳು. "ಅಣ್ಣ, ಕೋಪ ಮಾಡ್ಕೋಬೇಡಿ. ಒಂದು ಸಲ ಊದಿ ನೋಡಿ."

"ಈ ಕೋಟು ಹಾಕ್ಕೊಂಡಾ?"

"ಹಾಕ್ಕೊಂಡೇ."

ಅವನು ಸಿಟ್ಟಿನಲ್ಲೇ ಕಹಳೆ ಎತ್ತಿ ಎದೆ ತುಂಬ ಗಾಳಿ ಎಳೆದುಕೊಂಡ. ಕೋಟು ಮೆಲ್ಲಗೆ ತುಂಬಿತು, ಭುಜ ಕೂತಿತು, ಗುಂಡಿಗಳು ಸಾಲಾಗಿ ನಿಂತವು. ಉಳಿದವರೂ ಎತ್ತಿದರು. ಅಂಗಡಿಯ ಗಾಜುಗಳೆಲ್ಲ ಝೇಂಕರಿಸಿದವು. ಹದಿನೈದು ಕೋಟುಗಳು ಮೈಗೆ ಎರಕ ಹೊಯ್ದಂತೆ ಕೂತವು.

"ಹಳೇ ಕೋಟಲ್ಲಿ ದೊಡ್ಡ ಸ್ವರ ಬಂದಾಗೆಲ್ಲ ಗುಂಡಿ ಹಾರಿ ಮುಂದಿನ ಸಾಲಿನವರಿಗೆ ಬೀಳ್ತಿತ್ತು!" ಮುಖ್ಯಸ್ಥ ದರ್ಜಿಯನ್ನು ಅಪ್ಪಿಕೊಂಡ. "ಇದನ್ನೆಲ್ಲ ಯೋಚಿಸಿಯೇ ಮಾಡಿದ್ರಾ?"

"ಮತ್ತೆ?" ಎಂದ ದರ್ಜಿ. ಮುಖಕ್ಕೆ ಕಳೆ ಮರಳಿ ಬಂದಿತ್ತು. "ಇದಕ್ಕೆ ವಾದ್ಯಗಾರರ ಅಳತೆ ಅಂತಾರೆ. ಎಲ್ಲರಿಗೂ ಬರೋ ವಿದ್ಯೆ ಅಲ್ಲ."

"ನಾವು ಏನನ್ನ ಊದೋಣ?" ಮೂಲೆಯಿಂದ ಒಂದು ದನಿ ಬಂತು. ಡ್ರಮ್ ಬಾರಿಸುವ ಮೂವರು ತಮ್ಮ ಕೋಟುಗಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಭಾಮೈದ ಮೂರೂ ಕೋಟುಗಳ ಪಕ್ಕದ ಹೊಲಿಗೆ ಬಿಚ್ಚಿ, ಮೈಮೇಲೆ ಪಿನ್ನು ಚುಚ್ಚಿ, ಮೂರು ಗಂಟೆಯೊಳಗೆ ಒಳಸೇರಿಸಿ ಕೊಟ್ಟ. ಬ್ಯಾಂಡಿನವರು ಊದುತ್ತಲೇ ಬೀದಿಗಿಳಿದು ಹೋದರು.

ದರ್ಜಿ ಕಾಲು ಚಾಚಿ ಕೂತು ಕತ್ತರಿಗೆ ಎಣ್ಣೆ ಹಚ್ಚತೊಡಗಿದ.

"ಈ ಮೂರು ವಾರದಲ್ಲಿ," ಹೆಂಡತಿ ಮೆಲ್ಲಗೆ ಕೇಳಿದಳು, "ಬ್ಯಾಂಡ್ ಬಿಟ್ಟು ಇನ್ಯಾರ್ಯಾರ ಅಳತೆ ತಗೊಂಡ್ರಿ?"

ಎಣ್ಣೆಯ ಕೈ ನಿಂತಿತು. ಭಾಮೈದ ಪುಸ್ತಕ ತೆರೆದ. "ಹನ್ನೊಂದು ಜನ ಅಕ್ಕ. ಶಾಲೆಯ ದೊಡ್ಡ ಟೀಚರು, ಮನೆ ಯಜಮಾನರು, ಅಂಚೆಯವರು... ಡಾಕ್ಟರ ಬಿಳಿ ಕೋಟನ್ನ ಇವತ್ತು ಬೆಳಿಗ್ಗೆ ತಾನೇ ಅವರ ಮನೆಗೆ ಕೊಟ್ಟು ಬಂದೆ."

"ಇವರಲ್ಲಿ ಯಾರಾದ್ರೂ ಕಹಳೆ ಊದ್ತಾರಾ?"

ಹೆಂಡತಿ ಗಂಡನ ಬಳಿ ಬಂದು, ಅವನ ಕೊರಳಿನಿಂದ ಟೇಪನ್ನು ಮೃದುವಾಗಿ (ಅದು ಅವರ ವಂಶದ ಮೃದುತ್ವವೇ ಇರಬೇಕು) ಬಿಡಿಸಿ ತಮ್ಮನ ಕೊರಳಿಗೆ ಹಾಕಿದಳು.

"ಕತ್ತರಿ ನಿಮ್ಮದೇ ರೀ. ಡಾಕ್ಟರೇ ಹೇಳಿದ್ದಾರೆ. ಇವತ್ತಿಂದ ಅಳತೆ ಮಾತ್ರ ಇವನದು. ಅವನು ಹೇಳಿದಷ್ಟು ನೀವು ಕತ್ತರಿಸಿ."

"ನಾನು? ಇವನು ಹೇಳಿದಷ್ಟು?"

"ಭಾವ," ಭಾಮೈದ ಬಾಗಿಲಾಚೆ ನೋಡುತ್ತಿದ್ದ. "ಡಾಕ್ಟರು ಬರ್ತಿದ್ದಾರೆ. ಕೋಟು ಹಾಕ್ಕೊಂಡೇ ಬರ್ತಿದ್ದಾರೆ. ಒಳಗೆ ಇನ್ನೊಬ್ಬ ಡಾಕ್ಟರಿಗೂ ಜಾಗ ಇದೆ."

ದರ್ಜಿ ಎದ್ದ. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಎಳೆದುಕೊಂಡ. "ನೋಡೇ, ಅಳತೆ ಅನ್ನೋದು ಇದೆಯಲ್ಲ, ಅದು ಬರೀ ಟೇಪಿನ ವಿಷಯ ಅಲ್ಲ. ಅದು ಮನುಷ್ಯನ ಒಳಗಿನ..." ಎನ್ನುತ್ತಾ ಹಿಂಬಾಗಿಲಿನ ಅಗುಳಿ ತೆಗೆದು, "...ಅಂದ್ರೆ ಯಾರೇ ಆಗಲಿ ಒಂದು ಸಲ ಉಸಿರನ್ನ..." ಎಂದು ಹಿತ್ತಲಿನ ಓಣಿಗೆ ಇಳಿದು, ಆರು ಎಣಿಸುವಷ್ಟು ನಿಧಾನವಾಗಿ ಬಿಡುತ್ತಾ, ಹಿಂತಿರುಗಿ ನೋಡದೆ, "...ಅದಕ್ಕೇ ನಾನು ಹೇಳೋದು, ಡಾಕ್ಟರು ಕೇಳಿದ್ರೆ ನಾನು ಊರಲ್ಲೇ ಇಲ್ಲ!" ಎನ್ನುತ್ತಾ ಓಣಿಯ ತಿರುವಿನಲ್ಲಿ ಮರೆಯಾದ.