ದೊಡ್ಡ ಗಾಲಿಯ ಜೀಪು, ಸಣ್ಣ ದನಿಯ ನಾನು

ಕೆಲವರ ಮನೆಗೆ ಕರೆಯದೇ ಬೀಗರು ಬರುತ್ತಾರೆ, ಕೆಲವರ ಮನೆಗೆ ಹಾವುಗಳು ಬರುತ್ತವೆ. ವಳಸಂಗದ ನಮ್ಮ ತೋಟದ ಮನೆಗೆ ಪ್ರಸಂಗಗಳು ಬರುತ್ತವೆ. ಅವೂ ಬಂದರೆ ಲಗೂನ ಹೋಗುವಂಥವಲ್ಲ. ಚಹಾ ಕುಡಿದು, ಊಟ ಮಾಡಿ, ನಾಲ್ಕು ದಿನ ಇದ್ದೇ ಹೋಗುವಂಥವು. ಈ ವರ್ಷ ಬಂದವೆಲ್ಲ ಅಪ್ಪನ ಜೀಪಿನಲ್ಲೇ ಕೂತು ಬಂದವು. ನಾನು ಮಾತು ಕಡಿಮೆ. ಆಡದೇ ಉಳಿದ ಮಾತಿಗೆ ಎಲ್ಲಾದರೂ ಜಾಗ ಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸಾಂಗಲಿಯ ಹಾಸ್ಟೆಲಿನಲ್ಲಿದ್ದು ಇಂಗ್ಲಿಷ್ ಮೀಡಿಯಂನಲ್ಲಿ ಕಲಿತವಳು ನಾನು. ಕನ್ನಡ ಅಕ್ಷರ ಕಲಿಸಿದ್ದು ಅಪ್ಪನ ಅವ್ವ, ನಮ್ಮ ಆಯಿ. ತಪ್ಪು ಕಂಡರೆ ಆಯಿಗೆ ಹೇಳಿ. ಆಕೆ ಒಪ್ಪುವುದಿಲ್ಲ, ಆದರೂ ಹೇಳಿ.

೧. ಊಟ ಆಗೇತೇನ?

ಪುಣೆಯಿಂದ ಬಂದು ಇಲ್ಲಿ ದ್ರಾಕ್ಷಿ ಹಚ್ಚಿ, ಎರಡೇ ಬೇಸಿಗೆಗೆ ಸಾಕಾಗಿ ವಾಪಸ್ ಹೋದ ಅಪ್ಪನ ಗೆಳೆಯರೊಬ್ಬರು ಹೋಗುವಾಗ ನಾಲ್ಕು ಗಾಲಿ ಬಿಟ್ಟುಹೋದರು. ಗುಡ್ಡ ಹತ್ತಿಸುವ ಜೀಪಿಗೆಂದು ತರಿಸಿದ, ನನ್ನ ಸೊಂಟದವರೆಗೆ ಬರುವ ಗಾಲಿಗಳು. ನಮ್ಮ ಕಡೆ ಗುಡ್ಡಕ್ಕಿಂತ ಸ್ಪೀಡ್ ಬ್ರೇಕರ್ ಎತ್ತರ. ಆದರೆ ಅಪ್ಪನ ಬಳಿ ಕಾರಣ ತಯಾರಿತ್ತು: ಮಳೆಯಾದರೆ ಕುಣಿಕೋಣೂರಿನಲ್ಲಿರುವ ನಮ್ಮ ಹೊಲದ ಎರೆಮಣ್ಣು ಜೀಪನ್ನು ಮೊಣಕಾಲುತನಕ ನುಂಗುತ್ತದೆ. ಹಳೆಯ ಡೀಸೆಲ್ ಜೀಪನ್ನು ಎತ್ತಿ, ಕೆಳಗೆ ಸ್ಪ್ರಿಂಗ್ ಪಟ್ಟಿ ಸೇರಿಸಿ, ಗಾಲಿ ಕೂರಿಸಿದ್ದಾಯಿತು.

ಜೀಪು ಎಷ್ಟು ಎತ್ತರವಾಯಿತೆಂದರೆ ಆಯಿ ಏಣಿ ಹಚ್ಚಿ ಹತ್ತಿದಳು. ಮೇಲೆ ಕೂತು ಊರ ಕಡೆ ನೋಡಿ, "ಯಾರ ಮಾಳಗಿ ಮ್ಯಾಲೆ ಏನ ಒಣಗಾಕ ಹಾಕ್ಯಾರ, ಎಲ್ಲಾ ಕಾಣತೈತಿ! ಚಲೋ ಆತು," ಎಂದು ಅಲ್ಲೇ ಎಲೆ ಅಡಿಕೆ ಹಾಕಿಕೊಂಡಳು.

ಚಲೋ ಆಗದೇ ಇದ್ದದ್ದು ಸ್ಟೇರಿಂಗ್. ಅಷ್ಟಗಲದ ಗಾಲಿ ಡಾಂಬರಿನ ಮೇಲೆ ತಿರುಗಬೇಕೆಂದರೆ ಬೀಸುಕಲ್ಲಿಗೆ ಕೂತಂತೆ ಇಬ್ಬರು ಬೇಕಾಗುತ್ತಿತ್ತು. ಅಪ್ಪ ಎಳೆಯಬೇಕು, ಪಕ್ಕದಲ್ಲಿ ಕೂತವರು ದೂಡಬೇಕು. ಹಾಗಾಗಿ ಪಕ್ಕದ ಸೀಟು ಖಾಲಿ ಇರಲು ಅಪ್ಪ ಬಿಡುತ್ತಿರಲಿಲ್ಲ. ಊರ ಜನಕ್ಕೆ ಮೊದಮೊದಲು ಖುಷಿ; ಕೈ ಮಾಡುವುದಕ್ಕಿಂತ ಮುಂಚೆಯೇ ಜೀಪು ನಿಲ್ಲುತ್ತದಲ್ಲ! ಒಂದು ವಾರಕ್ಕೆ ಎಲ್ಲರಿಗೂ ರಟ್ಟೆ ನೋವು ಬಂತು. ಆಮೇಲೆ ಜೀಪಿನ ಸದ್ದು ಕೇಳಿದರೆ ಸ್ಟಾಪಿನಲ್ಲಿದ್ದವರು ಬೇವಿನ ಮರದ ಹಿಂದೆ ನಿಲ್ಲತೊಡಗಿದರು. ಒಂದು ದಿನ ಪರವೂರಿನ ಪಾಪದವರೊಬ್ಬರು ಕೈ ಅಡ್ಡ ಹಿಡಿದು, "ಜತ್ತಕ್ಕ ಬಿಡ್ತೀರೇನ್ರಿ?" ಎಂದರು.

ಅಪ್ಪ ಅವರ ಭುಜ, ತೋಳು ಎಲ್ಲ ನೋಡಿ ಕೇಳಿದ: "ಊಟ ಆಗೇತೇನ್ರಿ?"

೨. ತಿರುಗಿದ್ದು ನಾನು

ಇದೇ ವರ್ಷ ನನಗೆ ಉಮದಿಯ ಒಂದು ಇಂಗ್ಲಿಷ್ ಮೀಡಿಯಂ ಸಾಲಿಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಅಪ್ಪನ ಬೀಜ-ಗೊಬ್ಬರದ ಅಂಗಡಿ ಜತ್ತದಲ್ಲಿ, ಅಂದರೆ ಪೂರಾ ಎದುರು ದಿಕ್ಕು. ನನ್ನ ಬಸ್ಸು ಮನಸ್ಸಿದ್ದರೆ ಬರುವ ಬಸ್ಸು. ದೀವಳಿಗೆ ಸೂಟಿಗೆ ಮುಂಚೆ ಹೆಡ್ ಮೇಡಮ್ ಕರೆದು ಎರಡು ಮಾತು ಹೇಳಿದರು. ಒಂದು, ಸೂಟಿ ಮುಗಿದ ಮೇಲೆ ಮತ್ತೆ ತಡವಾದರೆ ಬರುವುದೇ ಬೇಡ. ಎರಡು, ನನ್ನ ದನಿ ಕೊನೆಯ ಬೆಂಚಿಗೆ ಕೇಳಿಸುವುದಿಲ್ಲ. ನಾನು "ಎಸ್ ಮ್ಯಾಮ್" ಎಂದೆ. ಅವರು "ಏನಂದಿರಿ?" ಎಂದರು.

ಸಾಂಗಲಿಯಲ್ಲಿದ್ದಾಗ ಕಾರು ಕಲಿತು ಲೈಸೆನ್ಸ್ ತೆಗೆಸಿದ್ದೆ. ಅಪ್ಪನ ಅಂಗಡಿಗೆ ಬಸ್ಸುಗಳು ಬೇಕಾದಷ್ಟು. ಧೈರ್ಯ ಮಾಡಿ ಕೇಳಿದೆ: "ಜೀಪ ನಾ ಒಯ್ಯಲೇನ?"

"ತಿರುವಿ ತೋರಸು," ಎಂದ ಅಪ್ಪ.

ಹತ್ತಿ ಕೂತೆ. ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು, ಕಾಲು ಒತ್ತಿ, ಹಲ್ಲು ಕಚ್ಚಿ ಎಳೆದೆ. ಸ್ಟೇರಿಂಗ್ ಇದ್ದಲ್ಲೇ ಇತ್ತು. ಸೀಟಿನ ಮೇಲೆ ನಾನೇ ಅರ್ಧ ಸುತ್ತು ತಿರುಗಿ ಹಿಂದಿನ ಸೀಟಿನ ಕಡೆ ಮುಖ ಮಾಡಿದೆ.

ಅಪ್ಪನಿಗೆ ಕನಿಕರ ಬಂತು. "ಪವರ್ ಸ್ಟೇರಿಂಗ್ ಹಾಕಸ್ತೀನಿ. ಅದು ಹಗೂರಾದ ದಿನ ಕೀಲಿ ನಿನ್ನ ಕೈಯಾಗ. ಮಾತ ಕೊಟ್ಟೇನಿ."

ಆಯಿ ಕೆಳಗಿನಿಂದ ಕೇಳಿದಳು: "ಹುಡಿಗಿ ಹಿಂದಕ್ಕ ನೋಡ್ಕೋತ ಗಾಡಿ ಹೊಡೀತಾಳೇನ?"

೩. ಮೊಸರಿನ ಗತಿ

ಸ್ಟೇರಿಂಗ್ ಬದಲಿಸುವುದಕ್ಕೆ ಮನೆಯಲ್ಲಿ ವಿರೋಧ ಇದ್ದದ್ದು ಒಬ್ಬರದೇ, ಆಯಿಯದು. ಅದಕ್ಕೊಂದು ಕಾರಣವಿತ್ತು.

ಒಂದು ಬೆಳಿಗ್ಗೆ ಆಯಿ ಅಪ್ಪನ ಕೈಗೆ ಗಡಿಗೆ ಕೊಟ್ಟು, ಓಣಿಯ ಆ ತುದಿಯ ಮನೆಯಿಂದ ಮೊಸರು ತಾ ಎಂದಳು. ನಡೆದರೆ ಐದು ನಿಮಿಷ. ಅಪ್ಪ ಜೀಪಿನಲ್ಲಿ ಹೋದ. ಮೊಸರು ಸಿಕ್ಕಿತು, ಪಕ್ಕದ ಸೀಟಿಗೆ ಯಾರೂ ಸಿಗಲಿಲ್ಲ. ಒಬ್ಬನೇ ಜೀಪು ತಿರುಗಿಸಲು ಬಯಲು ಬೇಕು. ಓಣಿಯಲ್ಲಿ ಬಯಲೆಲ್ಲಿ? ಸರಿ, ಸೀದಾ ಮುಂದೆ ಹೋದ. ಹೊಲದ ದಾರಿ ಹಿಡಿದ. ಮುಂದೆ, ಮತ್ತೂ ಮುಂದೆ. ಕೊನೆಗೆ ಉಮದಿಯ ಸಂತೆ ಬಯಲಿನಲ್ಲಿ ದೊಡ್ಡದೊಂದು ಸುತ್ತು ಹೊಡೆದು ಊರ ಕಡೆ ಮುಖ ಮಾಡಿದ. ಮನೆ ಮುಟ್ಟಿದಾಗ ನಾವು ಒಣರೊಟ್ಟಿ ತಿಂದು ಕೈ ತೊಳೆದಿದ್ದೆವು.

ಆಯಿ ಬೈಯಲೆಂದೇ ಗಡಿಗೆಯ ಬಾಯಿ ಬಿಚ್ಚಿದಳು. ಆ ಗಾಲಿಯ ಕುಲುಕಾಟಕ್ಕೆ ಮೊಸರು ತಾನೇ ಕಡೆದು, ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ತೇಲುತ್ತಿತ್ತು. ಆಯಿ ಬೆರಳಿನಿಂದ ನೆಕ್ಕಿ ನೋಡಿದಳು. ಸಿಟ್ಟು ಇಳಿಯಿತು.

"ಸ್ಟೇರಿಂಗ್ ಗೀರಿಂಗ್ ಮುಟ್ಟಬ್ಯಾಡೋ ಮಗನ," ಎಂದಳು. "ದಿನಾ ಹಿಂಗ ಉಮದಿಗಿ ಹೋಗಿ ಬಾ."

೪. ಅಮೆರಿಕದವನ ಒಪ್ಪಿಗೆ

ಸೂಟಿ ಶುರುವಾದ ಮೂರನೇ ದಿನ ಮಿಸ್ತ್ರಿ ಕಾಕಾ ಬಂದರು. ಅವರು ಟ್ರ್ಯಾಕ್ಟರ್ ಮಿಸ್ತ್ರಿ. ಯಾವ ಟ್ರ್ಯಾಕ್ಟರನ್ನಾದರೂ ಬಡಿದು, ಬೈದು ಚಾಲೂ ಮಾಡುವವರು. ವಿಜಯಪುರದ ಗುಜರಿಯಿಂದ ಯಾವುದೋ ಪಿಕಪ್ಪಿನ ಪವರ್ ಸ್ಟೇರಿಂಗ್ ಡಬ್ಬಿ, ಪಂಪು, ಪೈಪು ಎಲ್ಲ ತಂದಿದ್ದರು. ಆದರೆ ಜೀಪಿಗೆ ಅದನ್ನು ಕೂರಿಸಿದ ಅನುಭವವಿಲ್ಲ. ಅದಕ್ಕೆ ಅಪ್ಪ ಫೋನಿನಲ್ಲಿ ಒಬ್ಬ ಅಮೆರಿಕದವನ ವಿಡಿಯೋ ಹುಡುಕಿ ಇಟ್ಟಿದ್ದ, ಅರ್ಥ ಹೇಳಲು ನನ್ನನ್ನು ಇಟ್ಟಿದ್ದ. ಮಗಳನ್ನು ಇಂಗ್ಲಿಷ್ ಮೀಡಿಯಂನಲ್ಲಿ ಓದಿಸಿದ್ದು ಸಾರ್ಥಕವಾಗುವ ದಿನ ಬಂತೆಂದು ಅವನ ಮುಖವೇ ಹೇಳುತ್ತಿತ್ತು.

ವಿಡಿಯೋದ ಗಡ್ಡದವನು ಮೊದಲ ಹತ್ತು ನಿಮಿಷ ಕಾಫಿ ಕುಡಿಯುತ್ತಾ ತನ್ನ ನಾಯಿಯ ಬಗ್ಗೆ ಮಾತಾಡಿದ.

"ಏನ ಹೇಳಾಕತ್ತಾನ?" ಮಿಸ್ತ್ರಿ ಕಾಕಾ ಜೀಪಿನ ಕೆಳಗಿನಿಂದ ಕೇಳಿದರು.

"ನಾಯಿಗಿ ಕಾಲ ನೋವಂತರಿ."

"ನಟ್ ಬಿಚ್ಚೂ ಪಾನಾ ಯಾವಾಗ ಹಿಡೀತಾನಂತ?"

ಕೊನೆಗೂ ಹಿಡಿದ. ಡಬ್ಬಿಯಿಂದ ಒಂದು ಕಬ್ಬಿಣದ ತೋಳು ಹೊರಬಂದಿರುತ್ತದೆ. ಸ್ಟೇರಿಂಗ್ ತಿರುವಿದರೆ ಆ ತೋಳು ಅಲ್ಲಾಡಿ ಗಾಲಿಯನ್ನು ಎಳೆಯುತ್ತದೆ. ಹೊಸ ಡಬ್ಬಿಯ ತೋಳು ಯಾವ ಕಡೆ ಮುಖ ಮಾಡಿ ಬಂದಿದೆಯೋ ಅದೇ ಕಡೆ ಇರಬೇಕು, ಹೊಳ್ಳಿಸಿದರೆ ಸ್ಟೇರಿಂಗ್ ಉಲ್ಟಾ ಆಗುತ್ತದೆ ಎಂದು ಗಡ್ಡದವನು ಹೇಳಿದ. ಅದನ್ನು ನಾನು ಹೇಳಿದೆ. ಮಿಸ್ತ್ರಿ ಕಾಕಾ ಸುತ್ತಿಗೆ ಹೊಡೆಯುತ್ತಿದ್ದರು. ಇನ್ನೊಮ್ಮೆ ಹೇಳಿದೆ.

"ಏನಂದಿ ಯವ್ವಾ?"

ಎಲ್ಲರೂ ನನ್ನ ಕಡೆ ನೋಡಿದರು. "ಏನಿಲ್ರಿ," ಎಂದೆ.

ಸ್ವಲ್ಪ ಹೊತ್ತಿಗೆ ಕಾಕಾ ಹೊರಗೆ ಬಂದು ಕೈ ಒರೆಸಿಕೊಂಡರು. "ಆ ತೋಳು ಮುಂದಕ್ಕ ಇಟ್ರ ಈ ಗಾಲಿಗಿ ತಗಲತಿತ್ತು. ಹೊಳ್ಳಿಸಿ ಹಿಂದಕ್ಕ ಮಾಡೇನಿ. ತೋಳು ಅಂದ್ರ ತೋಳು, ಮುಂದಿದ್ರೇನ, ಹಿಂದಿದ್ರೇನ!"

ಅದೇ ಹೊತ್ತಿಗೆ ಫೋನಿನಲ್ಲಿ ಗಡ್ಡದವನು ತಲೆಯನ್ನು ಜೋರಾಗಿ ಅತ್ತಿತ್ತ ಅಲ್ಲಾಡಿಸುತ್ತಾ "ನೆವರ್, ನೆವರ್" ಎಂದ.

"ನೋಡ್ರಿ," ಮಿಸ್ತ್ರಿ ಕಾಕಾ ಹೆಮ್ಮೆಯಿಂದ ಅಪ್ಪನ ಬೆನ್ನು ತಟ್ಟಿದರು, "ತಲಿ ಅಲ್ಲಾಡಸಾಕತ್ತಾನ. ಅಂವಗೂ ಪಸಂದ ಬಂತು!"

೫. ಎಮ್ಮೆಯ ಮೊದಲ ಅನುಭವ

ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಅಪ್ಪ ಹತ್ತಿದ. ಒಂದೇ ಬೆರಳಿನಿಂದ ಸ್ಟೇರಿಂಗ್ ತಿರುಗಿತು. "ಬೆಣ್ಣಿ ಆಗೇತಿ!" ಎಂದು ಕೂಗಿದ. ಬೆಣ್ಣೆ ಎಂದದ್ದು ಕೇಳಿ ಆಯಿ ಹೊರಗೆ ಬಂದಳು.

ನಮ್ಮ ಅಂಗಳದಿಂದ ಹೊರಬೀಳುವ ದಾರಿ ಎಡಕ್ಕೆ. ಬಲಕ್ಕೆ ಜೋಳದ ಒಣದಂಟಿನ, ಅಂದರೆ ಕಣಕಿಯ ಬಣವೆ, ಅದರ ನೆರಳಿಗೆ ಎಮ್ಮೆ. ಅಪ್ಪ ಎಡಕ್ಕೆ ತಿರುವಿದ. ಜೀಪು ಬಲಕ್ಕೆ ಹೊರಟಿತು. ಅಪ್ಪ ಗಾಬರಿಯಾಗಿ ಮತ್ತೂ ಎಡಕ್ಕೆ ತಿರುವಿದ. ಜೀಪು ಮತ್ತೂ ಬಲಕ್ಕೆ ಹೋಗಿ, ಬಣವೆಯೊಳಗೆ ಸೀಟಿನತನಕ ನುಗ್ಗಿ ನಿಂತಿತು. ಎಮ್ಮೆ ದಾವಣಿಯ ಹಗ್ಗ ಹರಿದುಕೊಂಡು ಊರ ಕಡೆ ಹೋಯಿತು.

"ನಿಮಗ ಹಗೂರ ಸ್ಟೇರಿಂಗ್ ರೂಢಿ ಇಲ್ರಿ. ಸರೀರಿ, ನಾ ತೋರಸ್ತೀನಿ," ಎಂದರು ಮಿಸ್ತ್ರಿ ಕಾಕಾ. ಜೀಪನ್ನು ಹಿಂದಕ್ಕೆ ತೆಗೆದರು, ನೀಟಾಗಿ ಕೂದಲು ಬಾಚಿಕೊಂಡರು, ಎಡಕ್ಕೆ ತಿರುವಿದರು. ಬಣವೆಯಲ್ಲಿ ಎರಡನೇ ತೂತು ಬಿತ್ತು.

ಆಗ ನಾನು ಹೇಳಿದೆ: "ತೋಳು ಉಲ್ಟಾ ಆಗೇತ್ರಿ. ಅದಕ್ಕ ಹಿಂಗ."

"ಮೊದಲ ಯಾಕ ಹೇಳಲಿಲ್ಲ?" ಅಪ್ಪ ಕಣಕಿ ಉಗುಳುತ್ತಾ ಕೇಳಿದ.

"ಎರಡ ಸಲ ಹೇಳೀನಿ."

"ಯಾರಿಗಿ, ನಮಗೋ ಆ ನಟ್-ಬೋಲ್ಟಿಗೋ?"

ಬೇರೆ ತೋಳು ಮಾಡಿಸಲು ಕಾಕಾ ವಿಜಯಪುರಕ್ಕೆ ಹೋಗಬೇಕಾಯಿತು. ಹೋಗುವಾಗ ಅಪ್ಪನಿಗೆ ಸಮಾಧಾನ ಹೇಳಿದರು: "ಒಂದು ಫಾಯದೆ ಐತ್ರಿ. ಕಳ್ಳ ಬಂದ್ರ ಗಾಡಿ ಒಯ್ಯೂದಿಲ್ಲ. ಬಣವ್ಯಾಗ ಸಿಗತಾನ."

೬. ಎರಡು ಸಲ ಹೇಳೀನಿ

ಸಾಲಿ ಶುರುವಾಗುವುದು ಸೋಮವಾರ. ಅದರ ಹಿಂದಿನ ವಾರವಿಡೀ ನಾನು ವಿಜಯಪುರದ ದಾರಿ ನೋಡಿದೆ. ಅಪ್ಪ ಬೇರೆಯೇ ದಾರಿ ಹಿಡಿದಿದ್ದ. ದಿನಾ ನಸುಕಿನಲ್ಲಿ ಜೀಪಿನ ಸದ್ದು. ಬೆಳಗಾದ ಮೇಲೆ ನೋಡಿದರೆ ಹಿತ್ತಲಿನ ಹೊಲದಲ್ಲಿ, ಎತ್ತು ನಡೆಯುತ್ತಾ ಉಚ್ಚೆ ಹೊಯ್ದಂತೆ, ಡೊಂಕುಡೊಂಕು ಗಾಲಿ ಗುರುತು. ಗುರುವಾರಕ್ಕೆ ಡೊಂಕು ಕಡಿಮೆಯಾಯಿತು. ಶನಿವಾರ ದಾರ ಹಿಡಿದು ಎಳೆದಂತೆ ಸೀದಾ.

ರವಿವಾರ ಮುಂಜಾನೆ ಅಪ್ಪ ಮೀಸೆ ತಿರುವಿ ಘೋಷಿಸಿದ: "ಉಲ್ಟಾ ಗಾಡಿ ಹೊಡಿಯಾಕ ಕಲ್ತೇನಿ. ಇಡೀ ತಾಲೂಕಿನ್ಯಾಗ ನನ್ನ ಬಿಟ್ರ ಯಾರಿಗೂ ಬರೂದಿಲ್ಲ. ನಾಳಿ ನಾನ ನಿನ್ನ ಸಾಲಿಗಿ ಬಿಡತೀನಿ. ಕೀಲಿ ನನ್ನ ಕಡೇನ ಇರ್ಲಿ."

"ಮಿಸ್ತ್ರಿ ಕಾಕಾ ಸರಿ ಮಾಡಿದ ಮ್ಯಾಲೆ?"

"ಆಗ ನೋಡೂಣು."

ನಮ್ಮ ಮನೆಯಲ್ಲಿ "ನೋಡೂಣು" ಎಂದದ್ದನ್ನು ಇದುವರೆಗೆ ಯಾರೂ ನೋಡಿಲ್ಲ.

ಅಪ್ಪ ಕೀಲಿ ಗೂಟಕ್ಕೆ ಹಾಕಿ, ಬಸ್ಸು ಹತ್ತಿ ಅಂಗಡಿಗೆ ಹೋದ ಮೇಲೆ ಮಧ್ಯಾಹ್ನ ಮಿಸ್ತ್ರಿ ಕಾಕಾ ಬಂದರು. ಗಾಲಿಗೆ ತಗಲದಂತೆ ಬಗ್ಗಿಸಿದ ಹೊಸ ತೋಳು ತಂದಿದ್ದರು. ಮುಂದಕ್ಕೆ ಮುಖ ಮಾಡಿ ಕೂರಿಸಿ, ನನ್ನ ಕೈಯಿಂದಲೇ ಹೊಲದಲ್ಲಿ ಎರಡು ಸುತ್ತು ಹೊಡೆಸಿದರು. ಎಡಕ್ಕೆ ತಿರುವಿದರೆ ಎಡಕ್ಕೆ, ಬಲಕ್ಕೆ ತಿರುವಿದರೆ ಬಲಕ್ಕೆ. ಇಷ್ಟು ಸಾದಾ ಸಂಗತಿಗೆ ಕಣ್ಣಲ್ಲಿ ನೀರು ಬರಬಹುದೆಂದು ನನಗೆ ಗೊತ್ತಿರಲಿಲ್ಲ. ಬಸ್ಸಿಗೆ ಹೊರಡುವಾಗ ಕಾಕಾ ಹೇಳಿದರು: "ಅಪ್ಪಗ ಹೇಳವ್ವಾ, ಸೀದಾ ಮಾಡೇನಂತ. ಮರೀಬ್ಯಾಡ."

ಮರೆಯಲಿಲ್ಲ. ಸಂಜೆ ಅಪ್ಪ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದಾಗ ಬಾಗಿಲಲ್ಲಿ ನಿಂತು ಹೇಳಿದೆ. ನನ್ನ ಎಂದಿನ ದನಿಯಲ್ಲೇ ಹೇಳಿದೆ. ಸಿಕ್ಸರ್ ಹೋಯಿತು. ಇನ್ನೊಮ್ಮೆ ಹೇಳಿದೆ.

"ಏನಂದಿ?"

"ಏನಿಲ್ಲ."

ಆಯಿ ನನ್ನ ಮುಖ ನೋಡಿದಳು. ಆಕೆಯ ಬಾಯಿ ತುಂಬ ಎಲೆ ಅಡಿಕೆ ಇತ್ತು. ಬೇಕಾದಾಗ ಉಗುಳಿ ಮಾತಾಡಲು ಬರುತ್ತದೆ ಆಕೆಗೆ. ಅವತ್ತು ಉಗುಳಲಿಲ್ಲ.

ಸೋಮವಾರ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಅಪ್ಪ ಹತ್ತಿದ. ನಾನು ಬ್ಯಾಗು ಹಿಡಿದು ಕಟ್ಟೆಯ ಮೇಲೆ ನಿಂತಿದ್ದೆ. "ಅಲ್ಲೇ ನಿಲ್ಲು, ದಾರಿಗಿ ತಗೊಂಡು ಹತ್ತಿಸ್ಕೋತೀನಿ. ನೋಡ್ತಿರು ಕಲೆ ಅಂದ್ರ ಏನಂತ!" ಎಂದು, ದಾರಿ ಇರುವ ಎಡಕ್ಕೆ ಹೋಗಲು, ಒಂದು ವಾರದ ಸಾಧನೆಯನ್ನೆಲ್ಲ ಸುರಿದು, ಸ್ಟೇರಿಂಗನ್ನು ಒಂದೇ ಬೆರಳಿನಿಂದ ಠೀವಿಯಿಂದ ಬಲಕ್ಕೆ ತಿರುವಿದ.

ಎಮ್ಮೆ ಈ ಸಲ ಯಾರೂ ಹೇಳದೇ ಪಕ್ಕಕ್ಕೆ ಸರಿದು ನಿಂತಿತು. ಅದಕ್ಕೆ ಅನುಭವವಿತ್ತು.

ಬಣವೆಯಲ್ಲಿ ಮೂರನೇ ತೂತು. ಸ್ವಲ್ಪ ಹೊತ್ತು ಬರೀ ಕಣಕಿ ಅಲ್ಲಾಡಿತು. ಆಮೇಲೆ ಒಂದು ಕೈ ಹೊರಬಂತು, ಕೈಯಲ್ಲಿ ಕೀಲಿ ಇತ್ತು. ನಾನು ಕೆಳಗಿಳಿದು ಹೋಗಿ ತಗೊಂಡೆ.

ಕೈಯ ಹಿಂದೆ ಮೀಸೆಯ ತುಂಬ ಕಣಕಿ ತುಂಬಿಕೊಂಡ ಮುಖ ಬಂತು. "ಮಿಸ್ತ್ರಿ ಸೀದಾ ಮಾಡ್ಯಾನಂತ ಒಂದ ಮಾತು ಹೇಳಬಾರದಿತ್ತೇನ?"

"ಎರಡ ಸಲ ಹೇಳೀನಿ!" ಎಂದೆ. ಈ ಸಲ ಉಮದಿಯ ಕೊನೆಯ ಬೆಂಚಿಗೂ ಕೇಳಿಸುವಂತೆ.