ಹಾರ ಹಾಕಿದ ಫೋಟೊ

ಡೊಂಬಿವಲಿಯ ಕನ್ನಡ ಸಂಘದ ಅಧ್ಯಕ್ಷನಾಗಬೇಕೆಂಬುದು ಗುರುವಪ್ಪನವರ ಬಹುಕಾಲದ ಆಸೆ. ಈ ಸಲ ಎದುರಿಗೆ ವಿಠಲ ಒಬ್ಬನೇ. ಚುನಾವಣೆಯ ಮುನ್ನಾದಿನ ಅವರು ಯತಿನ್‌ನ ಅಂಗಡಿಯಲ್ಲಿ ಆಳೆತ್ತರದ ಫ್ಲೆಕ್ಸ್ ಮಾಡಿಸಿದರು. ಮನೆಯ ಆಲ್ಬಮ್ಮೆಲ್ಲ ಜಾಲಾಡಿ ಆರಿಸಿದ ಫೋಟೊ ಅದು. ಯಾವುದೋ ಸನ್ಮಾನದಲ್ಲಿ ಹೊಟ್ಟೆಯವರೆಗೆ ಇಳಿಬಿದ್ದ ಹಾರ ಹಾಕಿಸಿಕೊಂಡು ನಿಂತದ್ದು. ಮೇಲೆ ದಪ್ಪಕ್ಷರದಲ್ಲಿ ‘ಸಮಾಜದ ಆಧಾರಸ್ತಂಭ ಗುರುವಪ್ಪ’.

“ಅಂಕಲ್, ನೀಚೇ ಕ್ಯಾ ಲಿಖೂಂ? ಓಟು ಕೊಡಿ ಅಂತ ಹಾಕ್ಲಾ?” ಎಂದ ಯತಿನ್.

“ಛೇ! ನಾನು ಓಟು ಬೇಡುದಾ? ಕೆಳಗೆ ಎಂತದೂ ಬೇಡ. ನನ್ನ ಮುಖ ಕಂಡ್ರೆ ಜನಕ್ಕೆ ಎಲ್ಲ ಗೊತ್ತಾಗ್ತದೆ.”

“ಜಾಗ ಖಾಲಿ ಕಾಣ್ತದೆ. ಆಚೆ ಈಚೆ ಎರಡು ದೀಪ ಹಾಕ್ತೇನೆ. ಫ್ರೀ.”

ಫ್ರೀ ಎಂದ ಮೇಲೆ ಗುರುವಪ್ಪನವರು ಬೇಡವೆನ್ನುವವರಲ್ಲ.

ಮರುದಿನ ಅವರು ಲೋಕಲ್ ಹಿಡಿದು ವಾಗ್ಳೆ ಎಸ್ಟೇಟಿನ ಆಫೀಸಿಗೆ ಹೋದ ಮೇಲೆ ಸ್ಟೇಷನ್ ರಸ್ತೆಯ ತಿರುವಿನಲ್ಲಿ ಫ್ಲೆಕ್ಸ್ ಎದ್ದಿತು. ಹೆಂಡತಿ ಜಯಲತಾ ಗಂಡನ ಗೆಲುವಿಗೆ ಹರಕೆ ಹೊತ್ತು, ಮನೆಗೆ ಬೀಗ ಹಾಕಿ, ಟಿಟ್ವಾಳಾದ ಗಣಪತಿಯ ಬಳಿಗೆ ಹೋದರು.

ಸಂಜೆ ಚುನಾವಣೆಯ ಸಭೆಗೆಂದು ರೈಲಿಳಿದು ಬಂದರೆ ಊರೇ ಬದಲಾಗಿತ್ತು. ಎಂದೂ ಮುಖ ಕೊಟ್ಟು ಮಾತಾಡದ ಪಕ್ಕದ ಮನೆಯ ಅಭಿಜಿತ್ ಇವರನ್ನು ಕಂಡದ್ದೇ ಕೈಯಲ್ಲಿದ್ದ ವಡಾಪಾವ್ ಕೆಳಗೆ ಬಿಟ್ಟು ಕೈಮುಗಿದ. ಹಾಲಿನಂಗಡಿಯಾಕೆ “ನಾರಾಯಣ, ನಾರಾಯಣ” ಎನ್ನುತ್ತ ಶಟರ್ ಎಳೆದಳು. ರಿಕ್ಷಾದವನು ಒಮ್ಮೆ ಫ್ಲೆಕ್ಸ್ ನೋಡಿದ, ಒಮ್ಮೆ ಕನ್ನಡಿಯಲ್ಲಿ ಹಿಂದೆ ಕೂತವರನ್ನು ನೋಡಿದ. ಸಂಘದ ಬಾಗಿಲಲ್ಲಿ ಇಳಿಸಿ ಬಾಡಿಗೆಯನ್ನೂ ಕೇಳದೆ ಗಾಡಿ ಓಡಿಸಿದ. ಫ್ಲೆಕ್ಸಿಗೇ ಇಷ್ಟು ಗೌರವವಾದರೆ ಕುರ್ಚಿಗೆ ಎಷ್ಟಿರಬೇಡ ಎಂದು ಗುರುವಪ್ಪನವರು ಉಬ್ಬಿಹೋದರು.

ಹಿಂಬಾಗಿಲಿನಿಂದ ಒಳಗೆ ಕಾಲಿಟ್ಟರೆ ಇಡೀ ಸಭೆ ಎದ್ದು ನಿಂತಿತ್ತು! ಒಬ್ಬರದೂ ಉಸಿರಿಲ್ಲ, ಎಲ್ಲರ ತಲೆಯೂ ತಗ್ಗಿತ್ತು. ಅವರು ಎರಡೂ ಕೈ ಎತ್ತಿದರು.

“ಕೂತ್ಕೊಳ್ಳಿ, ಕೂತ್ಕೊಳ್ಳಿ. ನನಗೋಸ್ಕರ ಇಷ್ಟೆಲ್ಲ ಯಾಕೆ?”

ತಲೆಗಳು ಹಿಂದಕ್ಕೆ ತಿರುಗಿದವು. ಯಾರೋ ಕಿರುಚಿದರು, ಕುರ್ಚಿಗಳು ಉರುಳಿದವು. ವೇದಿಕೆಯ ಮೇಲೆ ಅವರದೇ ಫೋಟೊದ ಮುಂದೆ ಊದುಬತ್ತಿ ಹೊಗೆಯಾಡುತ್ತಿತ್ತು.

“ಎಂತ ಮಾರಾಯ್ರೆ, ನೀವು ತೀರಿಕೊಂಡಿಲ್ವಾ?” ಎಂದ ವಿಠಲ, ಕಣ್ಣೊರೆಸಿಕೊಳ್ಳುತ್ತ. “ಹಾರ, ದೀಪ ಎಲ್ಲ ಕಂಡೆವು. ಮನೆಗೆ ಹೋದ್ರೆ ಬೀಗ. ಊರಿಗೆ ಕೊಂಡುಹೋಗಿರ್ಬೇಕು ಅಂತ ಮಾಡಿದೆವು.”

“ನನಗೊಂದು ಫೋನ್ ಮಾಡ್ಲಿಕ್ಕೆ ಆಗ್ಲಿಲ್ವಾ?”

“ತೀರಿಕೊಂಡವರಿಗೆ ಹೇಗೆ ಮಾಡುದು?”

ಅಷ್ಟರಲ್ಲಿ ಜನ ಸುತ್ತುವರಿದು, ಅತ್ತು, ನಕ್ಕು, ಯಾರು ಯಾರು ಏನೇನು ಹೊಗಳಿದರೆಂದು ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು. ಧರ್ಮಾತ್ಮ, ದೂರದೃಷ್ಟಿಯವರು, ಸಮಾಜದ ಆಧಾರಸ್ತಂಭ. ವಿಠಲನಂತೂ ‘ತುಂಬಲಾರದ ನಷ್ಟ’ ಎಂದು ಬಿಕ್ಕಿದ್ದನಂತೆ. ಗುರುವಪ್ಪನವರಿಗೆ ಸ್ವರ್ಗ ಮೂರೇ ಗೇಣು. ಸೀದಾ ವೇದಿಕೆ ಹತ್ತಿದರು.

“ಇಷ್ಟೆಲ್ಲ ಹೇಳಿದ ಮೇಲೆ ಚುನಾವಣೆ ಯಾಕೆ? ನಾನೇ ಅಧ್ಯಕ್ಷ, ಅಲ್ವಾ?”

ಧಾರವಾಡ ಕಡೆಯ ಕಾರ್ಯದರ್ಶಿ ದಾನೇಶ್ವರಿ ಸೆರಗು ಸರಿಮಾಡಿಕೊಂಡರು. “ತಪ್ಪು ತಿಳೀಬ್ಯಾಡ್ರಿ ಸರ್. ಆ ನಷ್ಟ ಆಗಲೇ ತುಂಬಿಬಿಟ್ಟೇವ್ರಿ. ನೀವು ಇಲ್ಲಂದ್ಮ್ಯಾಲೆ ಉಳಿದವ್ರು ವಿಠಲ ಒಬ್ಬರ. ಅವಿರೋಧ ಆಯ್ಕೆ ಮುಗಿಸೇ ಮೌನಕ್ಕ ನಿಂತಿದ್ವಿ.”

ವಿಠಲ ತನ್ನ ಕೊರಳಿನ ಹಾರ ತೆಗೆದು ಗುರುವಪ್ಪನವರಿಗೆ ಹಾಕಿದ. ಸಭೆ ಚಪ್ಪಾಳೆ ತಟ್ಟಿ, ಜೈಕಾರ ಹಾಕಿ, ಅವರನ್ನು ಮನೆಯವರೆಗೆ ಮೆರವಣಿಗೆಯಲ್ಲಿ ಕಳಿಸಿಕೊಟ್ಟಿತು.

ಪ್ರಸಾದ ಹಿಡಿದು ಕಾದಿದ್ದ ಜಯಲತಾ ಹಾರ ಕಂಡು ಅರಳಿದರು. “ಗೆದ್ರಾ?”

“ಇಡೀ ಸಭೆ ಎದ್ದು ನಿಂತಿತ್ತು. ಒಬ್ಬನೂ ನನ್ನ ವಿರುದ್ಧ ಮಾತಾಡ್ಲಿಲ್ಲ.”

“ಹಾಗಾದ್ರೆ ನೀವೇ ಅಧ್ಯಕ್ಷರು!”

“ಅಧ್ಯಕ್ಷ ವಿಠಲ,” ಎಂದು ಗುರುವಪ್ಪನವರು ಕಾಲು ಚಾಚಿ ಕುಳಿತರು. “ಆದ್ರೆ ನೋಡು, ಇಷ್ಟು ಒಳ್ಳೆ ಮಾತು ಹೇಳಿಸಿಕೊಳ್ಳಿಕ್ಕೆ ಅವ ಸಾಯ್ಬೇಕು. ನಾನು ಎಲ್ಲ ಕೇಳಿ ಊಟಕ್ಕೆ ಮನೆಗೆ ಬಂದೆ!”