ಜೀಪು ಎರಡೂವರೆ ಇಂಚು ಎದ್ದ ಕಥೆ

ನಾನು ದನದ ಡಾಕ್ಟರು, ಊರವರ ಬಾಯಲ್ಲಿ ಬಾಯಾರು, ಅಂದರೆ ಅಮ್ಮಾವರು. ಬಸವನ ಬಾಗೇವಾಡಿಯೊಳಗೆ ನನ್ನದೊಂದು ಸಣ್ಣ ದವಾಖಾನೆ, ಅದರ ಮುಂದೆ ಒಂದು ಹಳೇ ಜೀಪು. ದನಗಳು ನನ್ನನ್ನು ಎಂದೂ ನಗೆಪಾಟಲು ಮಾಡಿಲ್ಲ. ಒದೆಯುವುದಿದ್ದರೆ ಒದ್ದು ಸುಮ್ಮನಾಗುತ್ತವೆ. ನಗುವಂಥದ್ದೆಲ್ಲ ಆಗುವುದು ಜೀಪಿನಿಂದ. ಅದನ್ನು ಎತ್ತರ ಮಾಡಿಸಬೇಕೆಂದು ಸ್ಪ್ರಿಂಗು, ಕುಲುಕು ತಡೆಯುವ ಶಾಕು ಹುಡುಕುತ್ತ ನಾಲ್ಕು ತಾಲೂಕು ತಿರುಗಿದೆನಲ್ಲ, ಆ ವರ್ಷವಂತೂ ಒಂದು ಮುಗಿಯುವುದರೊಳಗೆ ಇನ್ನೊಂದು ಗಂಟು ಬೀಳುತ್ತಿತ್ತು.

೧. ಯಾರು ಮೊದಲು ಎದ್ದರು

ಇಂಗಳೇಶ್ವರದ ಹತ್ತಿರ ಒಬ್ಬ ರೈತರ ಎಮ್ಮೆ ಈದ ಮರುದಿನ ನೆಲಕ್ಕೆ ಬಿದ್ದಿತ್ತು. ಕಾಲು ಎತ್ತುವುದಿಲ್ಲ, ಕತ್ತು ಎತ್ತುವುದಿಲ್ಲ. ಹೋಗಿ ನೋಡಿದರೆ ನಮಗೆಲ್ಲ ಗೊತ್ತಿರುವ ಸುಣ್ಣದಂಶದ ಕೊರತೆ. ರಕ್ತನಾಳಕ್ಕೆ ಬಾಟಲಿ ಏರಿಸಿದೆ. ಇನ್ನು ತಾಸಿನೊಳಗೆ ಏಳುತ್ತದೆ ಎಂದು ಧೈರ್ಯ ಹೇಳಿ ಹೊರಟೆ.

ಹೊಲದ ಬಂಡಿದಾರಿ. ಎರಡೂ ಕಡೆ ಗಾಲಿ ಕೊರೆದ ಆಳದ ಜಾಡು, ನಡುವೆ ಎರೆಮಣ್ಣಿನ ದಿಬ್ಬ. ಜೀಪಿನ ಹೊಟ್ಟೆ ಆ ದಿಬ್ಬದ ಮೇಲೆ ಕೂತುಬಿಟ್ಟಿತು. ನಾಲ್ಕೂ ಗಾಲಿ ಗರಗರ ತಿರುಗಿದವು, ಗಾಡಿ ಮಾತ್ರ ಗೇಣು ಸರಿಯಲಿಲ್ಲ. ರೈತರು ಸಲಿಕೆ ತಂದರು, ಆಮೇಲೆ ಜೋಡೆತ್ತು ತಂದರು. ನಾನು ಮಣ್ಣಿನೊಳಗೆ ಮಲಗಿ ಜೀಪಿನ ಕೆಳಗೆ ಕೈಯಾಡಿಸುತ್ತಿದ್ದೆ. ಒಂದು ತಾಸು ಕಳೆದಿರಬೇಕು, ತಲೆಯ ಹತ್ತಿರ ನಾಲ್ಕು ಗೊರಸು ಕಂಡವು. ಅವುಗಳ ಪಕ್ಕದಲ್ಲಿ ರೈತರ ತಾಯಿಯ ಬರಿಗಾಲು.

ಮುದುಕಿ ಬಗ್ಗಿ ನೋಡಿ ಬಹಳ ಮರ್ಯಾದೆಯಿಂದ ಕೇಳಿದರು: "ಬಾಯಾರ, ನಮ್ಮ ಎಮ್ಮಿ ಎದ್ದು ನಡಕೋಂತ ಇಲ್ಲೀತನಾ ಬಂತ್ರಿ. ನಿಮ್ಮ ಗಾಡಿ ಯಾವಾಗ ಏಳತೈತಿ?"

ಜೀಪನ್ನು ಎತ್ತರಿಸಲೇಬೇಕೆಂದು ನಾನು ಅಲ್ಲೇ, ಮಲಗಿದಲ್ಲೇ ನಿರ್ಧಾರ ಮಾಡಿದೆ.

೨. ಆಲಮೇಲದ ಆಡು

ಮೊದಲು ಹೋದದ್ದು ಸಿಂದಗಿಗೆ. ಅಲ್ಲಿಯ ಅಂಗಡಿಯವರು ಹೆಚ್ಚು ಮಾತಾಡಲಿಲ್ಲ. ಎತ್ತರ ಆಗಬೇಕಲ್ಲ, ಅಷ್ಟೇ ತಾನೆ ಎಂದವರೇ ಕಬ್ಬು ಹೇರುವ ಗಾಡಿಯ ದಪ್ಪ ಸ್ಪ್ರಿಂಗ್ ಪಟ್ಟಿಗಳನ್ನು ಕೂಡಿಸಿಕೊಟ್ಟರು. ಜೀಪು ಎದ್ದು ನಿಂತಿತು. ನನಗೂ ಎದೆ ಉಬ್ಬಿತು. ಆಲಮೇಲದಲ್ಲಿ ನಾದಿನಿಯ ಮನೆ ಇತ್ತು, ತೋರಿಸಿಕೊಂಡು ಬರೋಣವೆಂದು ಆ ಕಡೆ ತಿರುಗಿಸಿದೆ.

ಎರಡು ಕಿಲೋಮೀಟರಿನೊಳಗೆ ತಪ್ಪು ತಿಳಿಯಿತು. ಅದು ನಾಲ್ಕು ಟನ್ ಕಬ್ಬು ಹೊರುವ ಸ್ಪ್ರಿಂಗು, ನನ್ನೊಬ್ಬಳ ಭಾರಕ್ಕೆ ಅದು ಬಗ್ಗುವುದೇ ಇಲ್ಲ. ರಸ್ತೆಯೊಳಗಿನ ಪ್ರತಿ ಹರಳೂ ನೇರವಾಗಿ ಬೆನ್ನಿಗೆ ಬಂದು ಮುಟ್ಟುತ್ತಿತ್ತು. ದಾರಿಯಲ್ಲಿ ಒಬ್ಬ ಕುರುಬರು ಕೈ ಮಾಡಿದರು. ಜೀಪಿನ ಬಾಗಿಲ ಮೇಲೆ ನಾನು ದನದ ಡಾಕ್ಟರ್ ಎಂದೂ ಫೋನ್ ನಂಬರನ್ನೂ ಬರೆಸಿದ್ದೆ, ಅದನ್ನು ಓದಿ ನಿಲ್ಲಿಸಿದ್ದರು. ಅವರ ಆಡಿಗೆ ಬೆಳಗಿನಿಂದ ಬ್ಯಾನಿ, ಮರಿ ಹೊರಗೆ ಬರುತ್ತಿಲ್ಲ. ನೋಡಿದೆ. ಮರಿ ನೆಟ್ಟಗೇ ಇತ್ತು, ಆಡು ದಣಿದಿತ್ತು. ಅಲ್ಲಿ ಬಿಸಿಲು, ನೆರಳಿಗೆ ಒಂದು ಗಿಡ ಇಲ್ಲ. ನಾದಿನಿಯ ಮನೆಗೇ ಒಯ್ಯೋಣವೆಂದು ಆಡನ್ನೂ ಕುರುಬರನ್ನೂ ಹಿಂದೆ ಕೂಡಿಸಿಕೊಂಡೆ.

ನಾಲ್ಕನೆಯ ತಗ್ಗಿಗೆ ಹಿಂದಿನಿಂದ ಒಂದು ಸಣ್ಣ ದನಿ ಕೇಳಿತು. ಆರನೆಯ ತಗ್ಗಿಗೆ ಇನ್ನೊಂದು. ಊರು ಮುಟ್ಟುವಷ್ಟರೊಳಗೆ ಎರಡೂ ಮರಿ ಕುರುಬರ ಕಂಬಳಿಯೊಳಗಿದ್ದವು. ಇದಕ್ಕೂ ಜೀಪಿಗೂ ಸಂಬಂಧವಿಲ್ಲ, ಹೊತ್ತು ಕೂಡಿ ಬಂತು ಅಷ್ಟೆ ಎಂದು ನಾನು ಬಿಡಿಸಿ ಹೇಳಿದೆ. ಅವರು ನನ್ನ ಮಾತು ಕೇಳಲೇ ಇಲ್ಲ, ಜೀಪಿಗೆ ಕೈ ಮುಗಿದು ಹೋದರು.

ಮುಂದಿನ ವಾರ ಆಲಮೇಲದಿಂದ ಒಂದರ ಹಿಂದೊಂದು ಮೂರು ಫೋನು ಬಂದವು. ಮೂವರದೂ ಆಡು, ಮೂವರದೂ ಅದೇ ತ್ರಾಸು. ಬೇಕಾದ ಔಷಧ ತೆಗೆದುಕೊಂಡು ಬರುತ್ತೇನೆಂದು ಮೂರನೆಯವರಿಗೆ ಹೇಳುತ್ತಿದ್ದೆ, ಅವರು ನಡುವೆಯೇ ತಡೆದರು.

"ನೀವ್ಯಾಕ ತ್ರಾಸ ತಗೋತೀರಿ ಬಾಯಾರ? ಗಾಡಿ ಅಷ್ಟ ಕಳಿಸ್ರಿ."

೩. ಅರ್ಧ ಇಂಚು

ಬೆನ್ನು ಉಳಿಯಬೇಕಾದರೆ ಸ್ಪ್ರಿಂಗು ಬದಲಿಸಲೇಬೇಕಿತ್ತು. ಮುದ್ದೇಬಿಹಾಳದಲ್ಲಿ ಒಬ್ಬ ಹಳೆಯ ಮೇಸ್ತ್ರಿ ಇದ್ದಾರೆಂದು ಯಾರೋ ಹೇಳಿದರು. ಹೋದೆ. ಅವರು ಜೀಪಿನ ಸುತ್ತ ಎರಡು ಸಲ ತಿರುಗಿ, ಸಿಂದಗಿಯ ಪಟ್ಟಿಗಳನ್ನು ನೋಡಿ ನಿಟ್ಟುಸಿರು ಬಿಟ್ಟರು. ಸ್ಪ್ರಿಂಗು ಆರಿಸುವುದು ಗಾಡಿ ನೋಡಿ ಅಲ್ಲ, ಗಾಡಿಯೊಳಗೆ ಕೂಡುವವರನ್ನು ನೋಡಿ ಎಂದರು. ಯಾರ್‍ಯಾರು ಕೂಡುತ್ತೀರಿ, ಏನೇನು ಹೇರುತ್ತೀರಿ, ಎಲ್ಲರನ್ನೂ ಎಲ್ಲವನ್ನೂ ಕಟ್ಟಿಕೊಂಡು ಬನ್ನಿ ಎಂದು ನನ್ನನ್ನು ವಾಪಸ್ಸು ಕಳಿಸಿಬಿಟ್ಟರು.

ಮುಂದಿನ ರವಿವಾರ ನಮ್ಮ ಮೆರವಣಿಗೆ ಹೋಯಿತು. ಔಷಧಿ ಪೆಟ್ಟಿಗೆ, ಹಗ್ಗ, ನೀರಿನ ಕ್ಯಾನು, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನ್ನ ಯಜಮಾನರು, ಕಚ್ಚೆ ಸೀರೆಯ ನಮ್ಮ ಅತ್ತೆ. ಮೇಸ್ತ್ರಿ ಒಬ್ಬೊಬ್ಬರ ತೂಕ ಕೇಳುತ್ತ ಬಂದರು. ಅತ್ತೆಯ ಹತ್ತಿರ ಬಂದಾಗ ಅವರು ಸೆರಗು ಸರಿಮಾಡಿಕೊಂಡು ಆಕಾಶ ನೋಡಿದರು. ನಮ್ಮ ಮಾವನವರಿಗೇ ಕೊನೆಯತನಕ ಹೇಳದ ಲೆಕ್ಕ ಅದು.

ಮೇಸ್ತ್ರಿ ಒತ್ತಾಯ ಮಾಡಲಿಲ್ಲ. ತಮ್ಮ ಹಳೆಯದೊಂದು ಸ್ಪ್ರಿಂಗ್ ಸೆಟ್ಟನ್ನು ಜೀಪಿಗೆ ಕಟ್ಟಿ, ಅತ್ತೆಯನ್ನು ಕೂಡಿಸಿ, ಗಾಲಿಗೂ ಮಡ್ಗಾರ್ಡಿಗೂ ನಡುವೆ ಅಳತೆಪಟ್ಟಿ ಹಿಡಿದು ನೋಡಿದರು. ಗಾಡಿ ಅರ್ಧ ಇಂಚು ಇಳಿದಿತ್ತು. ಅತ್ತೆಯನ್ನು ಇಳಿಸಿ, ಅದೇ ಜಾಗದಲ್ಲಿ ಯಜಮಾನರನ್ನು ಕೂಡಿಸಿದರು. ಮುಕ್ಕಾಲು ಇಂಚು.

ಆ ಅಳತೆಯ ಮೇಲೆ ಮೇಸ್ತ್ರಿ ತೆಳು ಪಟ್ಟಿಗಳನ್ನು ಆರಿಸಿ, ಒಂದೊಂದಕ್ಕೂ ಬಾಗು ಕೊಟ್ಟು, ಎರಡೂವರೆ ಇಂಚು ಎತ್ತರ ಮಾಡಿದರು. ಮೆತ್ತಗೆ ಬಗ್ಗುವ, ಬಗ್ಗಿದಷ್ಟೇ ಮೆತ್ತಗೆ ಏಳುವ ಸ್ಪ್ರಿಂಗು. ಜೀಪು ಹೊಸ ಜೀವ ಬಂದಂತೆ ಓಡಿತು. ಆದರೆ ಮನೆಯಲ್ಲಿ ಅದರ ಮಾತನ್ನು ಯಾರೂ ಆಡಲಿಲ್ಲ. ಅತ್ತೆ ಪುಣೆಯಲ್ಲಿರುವ ತಂಗಿಗೆ ಫೋನು ಮಾಡಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ವರದಿ ಒಪ್ಪಿಸುತ್ತಿದ್ದರು:

"ಮಿಷಿನ್ ಹಚ್ಚಿ ನೋಡ್ಯಾರ. ನಾ ಬರೇ ಅರ್ಧ ಇಂಚು."

೪. ಎಣ್ಣೆಯದೋ ಗ್ಯಾಸಿನದೋ

ಜೀಪು ಎದ್ದಿತ್ತು, ಹಳೆಯ ಶಾಕುಗಳು ಗಿಡ್ಡ ಬಿದ್ದವು. ಮೇಸ್ತ್ರಿ ಅಳತೆ ಬರೆದುಕೊಟ್ಟು ಇಂಡಿ ಊರಿನ ಒಂದು ಅಂಗಡಿ ಹೇಳಿದರು. ಯಜಮಾನರೂ ಜೊತೆಗೆ ಬಂದರು. ಬಸ್ ಸ್ಟ್ಯಾಂಡಿನ ಹತ್ತಿರ ಇಳಿದವರೇ ನಾಲ್ಕು ಮಿರ್ಚಿ ಭಜಿ ತಿಂದರು, ಬೇಡವೆಂದರೂ ಮತ್ತೆ ಎರಡು ತಿಂದರು.

ಅಂಗಡಿಯವರು ಯಜಮಾನರಿಗೆ ಕುರ್ಚಿ ಕೊಟ್ಟರು. ನನಗೆ ಗೋಡೆಯ ಮೇಲಿನ ಕ್ಯಾಲೆಂಡರು ಕೊಟ್ಟರು, ಅಂದರೆ ಅದನ್ನು ನೋಡುತ್ತ ನಿಲ್ಲಬೇಕು. ಗಾಡಿ ಯಾವುದು ಎಂದು ಯಜಮಾನರನ್ನು ಕೇಳಿದರು, ನಾನು ಹೇಳಿದೆ. ಎಷ್ಟು ಎತ್ತರಿಸಿದ್ದೀರಿ ಎಂದು ಯಜಮಾನರನ್ನು ಕೇಳಿದರು, ನಾನು ಹೇಳಿದೆ. ಶಾಕು ಪೂರ್ತಿ ಮುಚ್ಚಿದಾಗ ಎಷ್ಟುದ್ದ ಇರಬೇಕು, ಪೂರ್ತಿ ಎಳೆದಾಗ ಎಷ್ಟುದ್ದ, ತುದಿಯ ರಬ್ಬರ್ ಬುಷ್ಷಿನ ತೂತು ಎಷ್ಟಗಲ, ಕೇಳುವ ಮೊದಲೇ ಹೇಳಿದೆ. ಅಂಗಡಿಯವರ ಕತ್ತು ನಿಧಾನಕ್ಕೆ ನನ್ನ ಕಡೆ ತಿರುಗಿತು. ಒಳಗಿನಿಂದ ಇನ್ನೊಂದು ಕುರ್ಚಿ ಬಂತು.

ಆದರೂ ಪಾಪ, ಅಂಗಡಿಯವರಿಗೆ ಮನೆಯ ಹಿರಿಯರನ್ನು ಪೂರ್ತಿ ಬಿಟ್ಟರೆ ಹೇಗೆ ಅಂತ ಅನಿಸಿರಬೇಕು. ಕಡೆಯ ಪ್ರಶ್ನೆಯನ್ನು ಅವರಿಗೇ ಕಾಯ್ದಿರಿಸಿದರು. "ಸರ್, ನಿಮಗ ಎಣ್ಣಿದು ಬೇಕೋ, ಗ್ಯಾಸಿಂದು ಬೇಕೋ?"

ಶಾಕಿನೊಳಗೆ ಎಣ್ಣೆಯಷ್ಟೇ ಇರುವುದು ಒಂದು ಜಾತಿ, ಗ್ಯಾಸೂ ತುಂಬಿರುವುದು ಇನ್ನೊಂದು ಜಾತಿ. ಯಜಮಾನರಿಗೆ ಅದೆಲ್ಲಿ ಗೊತ್ತು? ಅವರು ಹೊಟ್ಟೆಯ ಮೇಲೆ ಕೈಯಿಟ್ಟು, ತರಗತಿಯಲ್ಲಿ ಪ್ರಮೇಯ ಹೇಳುವಷ್ಟೇ ಗಂಭೀರವಾಗಿ ಉತ್ತರ ಕೊಟ್ಟರು:

"ಎರಡೂ ಬ್ಯಾಡ್ರಿ. ಎಣ್ಣಿದು ತಿಂದ ಮ್ಯಾಲೇನ ಗ್ಯಾಸ್ ಆಗೈತಿ."

೫. ಸಾಹುಕಾರರ ಆರು ಇಂಚು

ನಮ್ಮ ಬಾಗೇವಾಡಿಯ ಸಾಹುಕಾರರೊಬ್ಬರ ಹತ್ತಿರ ಹೊಸ ಗಾಡಿ ಇತ್ತು. ಆರು ಇಂಚು ಎತ್ತರ, ಕೆಂಪು ಬಣ್ಣದ ಶಾಕು, ರಾಶಿ ಮಾಡಲು ಕಣದಲ್ಲಿ ಉರುಳಿಸುವ ಕಲ್ಲಿನಷ್ಟು ಅಗಲದ ಗಾಲಿ. ನನ್ನ ಜೀಪು ಕಂಡಾಗಲೆಲ್ಲ ನಿಲ್ಲಿಸಿ ಮಾತಾಡಿಸುತ್ತಿದ್ದರು. ಎರಡೂವರೆ ಇಂಚು ಏರಿಸುವುದೆಂದರೆ ಹಿಮ್ಮಡ ಎತ್ತರದ ಚಪ್ಪಲಿ ಹಾಕಿಕೊಂಡಂತೆ ಎನ್ನುವುದು ಅವರ ಮಾತು. ನಾನು ನಕ್ಕು ಗಾಡಿ ಮುಂದೆ ಬಿಡುತ್ತಿದ್ದೆ, ಆದರೆ ಮನೆಗೆ ಬಂದ ಮೇಲೂ ಅದು ಚುಚ್ಚುತ್ತಿತ್ತು.

ಒಂದು ಮುಂಜಾನೆ ಅವರೇ ದವಾಖಾನೆಗೆ ಓಡಿಬಂದರು. ಹಿಂದಿನ ಎರಡು ದಿನ ಮಳೆ ಜಡಿದಿತ್ತು. ಹೊಲದ ಮನೆಯಲ್ಲಿ ಅವರ ಆಕಳು ಈಯಲಾರದೆ ಒದ್ದಾಡುತ್ತಿದೆ. ಅವರ ಹೆಂಡತಿ ಕೈಯಾರೆ ಸಾಕಿದ ಆಕಳು, ಆಕೆ ಅಲ್ಲೇ ಕೂತು ಅಳುತ್ತಿದ್ದಾಳೆ ಎಂದರು. ನಿಮ್ಮ ಜೀಪು ಆ ಕೆಸರಿನೊಳಗೆ ಬರುವುದಿಲ್ಲ, ನನ್ನ ಗಾಡಿ ಹತ್ತಿ ಎಂದರು. ನಾನು ಹತ್ತಲಿಲ್ಲ. ನೀವು ಮುಂದೆ ನಡೀರಿ, ನಾನು ಹಿಂದೆ ಬರುತ್ತೇನೆ ಎಂದೆ.

ಟಾರ್ ರಸ್ತೆ ಬಿಟ್ಟು ಎರೆಹೊಲದ ದಾರಿಗೆ ಇಳಿದೆವು. ಅವರ ಬಿರುಸು ಸ್ಪ್ರಿಂಗು ತಗ್ಗಿಗೆ ಬಗ್ಗಲಿಲ್ಲ. ಮುಂದಿನ ಗಾಲಿ ತಗ್ಗಿಗೆ ಬಿದ್ದೊಡನೆ ಹಿಂದಿನ ಗಾಲಿ ಗಾಳಿಗೆ ಎದ್ದಿತು. ಅವರು ಸಿಟ್ಟಿನಿಂದ ಇನ್ನಷ್ಟು ಒತ್ತಿದರು. ಕೆಳಗೆ ಏನೋ ಫಟ್ಟೆಂದು ಮುರಿಯಿತು. ಎಂಜಿನ್ನಿನ ಬಲವನ್ನು ಗಾಲಿಗೆ ಮುಟ್ಟಿಸುವ, ಅಷ್ಟು ಎತ್ತರಕ್ಕೆ ಓರೆಯಾಗಿದ್ದ ರಾಡಿನ ಕೀಲು ಅದು. ಗಾಡಿ ಅಲ್ಲೇ ಒರಗಿ ನಿಂತಿತು.

ನಾನು ಸಣ್ಣ ಗೇರಿಗೆ ಹಾಕಿ, ನಾಲ್ಕೂ ಗಾಲಿಗೆ ಬಲ ಕೊಟ್ಟು, ಪಕ್ಕದಿಂದ ಮೆಲ್ಲಗೆ ದಾಟಿಸಿದೆ. ಒಂದು ಗಾಲಿ ತಗ್ಗಿಗೆ ಇಳಿದರೆ ಸ್ಪ್ರಿಂಗೂ ಅದರ ಸಂಗಡ ಇಳಿಯಿತು. ನಾಲ್ಕೂ ಗಾಲಿ ನೆಲ ಬಿಡಲಿಲ್ಲ. ದಾಟಿದ ಮೇಲೆ ನಿಲ್ಲಿಸಿ ಬಾಗಿಲು ತೆರೆದೆ. ಸಾಹುಕಾರರು ಕೆಸರು ತುಳಿಯುತ್ತ ಬಂದು, ಹಗ್ಗದ ಪಕ್ಕದಲ್ಲಿ ಕೂತರು.

ಕರುವಿನ ಕತ್ತು ಹಿಂದಕ್ಕೆ ಹೊರಳಿತ್ತು. ಮುಕ್ಕಾಲು ತಾಸು ತೋಳು ಒಳಗಿಟ್ಟು ಕತ್ತನ್ನು ನೇರ ಮಾಡಿದೆ. ಮುಂಗಾಲಿಗೆ ಹಗ್ಗ ಹಾಕಿ, ಆಕಳು ತಿಣುಕಿದಾಗಲೆಲ್ಲ ಎಳೆದೆ. ಹೆಣ್ಣುಗರು ಜಾರಿ ಹುಲ್ಲಿನ ಮೇಲೆ ಬಿತ್ತು. ಉಸಿರಾಡಲಿಲ್ಲ. ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿದೆ, ಎದೆ ತಿಕ್ಕಿದೆ. ಒಂದು ಸೀನು ಬಂತು. ಸಾಹುಕಾರರ ಹೆಂಡತಿ ಕಣ್ಣೊರೆಸಿಕೊಂಡು ಬಂದು, ನನ್ನ ಕೆಸರು ಕೈಯನ್ನು ಹಾಗೇ ಹಿಡಿದುಕೊಂಡರು.

ವಾಪಸ್ಸು ಬರುವಾಗ ಸಾಹುಕಾರರ ಗಾಡಿಗೆ ಸರಪಳಿ ಕಟ್ಟಿ, ಕೆಸರಿನಿಂದ ಹೊರತೆಗೆದು, ಬಾಗೇವಾಡಿಯತನಕ ಎಳೆದುಕೊಂಡು ಬಂದೆ. ಅವರು ಹಿಂದಿನ ಗಾಡಿಯಲ್ಲಿ ಸ್ಟೇರಿಂಗ್ ಹಿಡಿದು ಕೂತಿದ್ದರು. ಸಂತೆಯ ದಿನ, ಚೌಕದ ತುಂಬ ಜನ. ಆರು ಇಂಚಿನ ಗಾಡಿಯನ್ನು ಎರಡೂವರೆ ಇಂಚಿನ ಜೀಪು ಎಳೆಯುವುದನ್ನು ಎಲ್ಲರೂ ನಿಂತು ನೋಡಿದರು. ಪೊಲೀಸಪ್ಪನೂ ಕೈ ಅಡ್ಡ ಹಿಡಿದ. ದನದ ಡಾಕ್ಟರು ಗಾಡಿ ಎಳೆಯುವ ಕೆಲಸ ಯಾವಾಗಿನಿಂದ ಹಿಡಿದರು ಎಂದು ನನ್ನನ್ನು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಸಾಹುಕಾರರು ಹಿಂದಿನ ಗಾಡಿಯಿಂದ ತಲೆ ಹೊರಗೆ ಹಾಕಿ, ಇಡೀ ಸಂತೆಗೆ ಕೇಳುವಂತೆ ಹೇಳಿದರು:

"ಬಿಡಪಾ, ಎಳೀಲಿ. ಮುಂಜಾನಿಂದ ಇದು ಎರಡನೇದು. ಮೊದಲನೇದು ಎದ್ದು ಹಾಲು ಕುಡ್ಯಾಕತ್ತೈತಿ."